ಬಾವಿಯ ಬಾಯಿಗೆ ಹಳೆಯ ಬಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲ್ಪೆಯ ಸುತ್ತಮುತ್ತ ಮನೆಗಳ ಬಾವಿಗಳನ್ನು ಗಮನಿಸಿದ್ದೀರಾ? ಎಷ್ಟೋ ಕಡೆ ಬಾವಿಯ ಬಾಯಿಗೆ ಹಳೆಯ ಮೀನಿನ ಬಲೆ ಕಟ್ಟಿರುತ್ತಾರೆ. ಬಂಗುಡೆ ಹಿಡಿಯುತ್ತಿದ್ದ ಬಲೆ ಈಗ ಹಲಸಿನೆಲೆ ಹಿಡಿಯುತ್ತದೆ. ಹಿತ್ತಲಲ್ಲಿ ಅಲಸಂಡೆ ಬಳ್ಳಿ ಹಬ್ಬುವುದೂ ಅದರ ಮೇಲೆ, ನವಿಲನ್ನು ತಡೆಯುವುದೂ ಅದೇ. ಇದನ್ನು ಹೊಸ ಶೋಧವೆಂದು ಯಾರಾದರೂ ಹೇಳಿದರೆ ನಮ್ಮ ಕಡೆಯ ಅಜ್ಜಿಯರು ನಕ್ಕಾರು.

ಆದರೆ ಬಾವಿಗಳಿಗಿಂತ ಬಲೆಯೇ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆಗಳ ದುರಸ್ತಿಗೆ ಅದೇ ಕಾಲ. ದುರಸ್ತಿಗೂ ಒಗ್ಗದ್ದು ಮೂಲೆ ಸೇರುತ್ತದೆ. ಮೂಲೆ ಸೇರಿದ್ದೇ ವಾಸಿ. ಕಡಲಿನಲ್ಲಿ ಕಳೆದುಹೋದದ್ದು ಒಡೆಯನಿಲ್ಲದೆಯೂ ಮೀನು ಹಿಡಿಯುತ್ತಲೇ ಇರುತ್ತದೆ.

ಹಳೆಯ ಬಲೆಯಿಂದ ಹಲಗೆ, ಬೆಂಚು ಎರಕ ಹೊಯ್ಯಬಹುದು. ತೊಡಕಿರುವುದು ಬೆರಕೆಯಲ್ಲಿ. ಒಂದೇ ರಾಶಿಯಲ್ಲಿ ನೈಲಾನ್ ಬಲೆ, ಬಲೆ ಎಳೆಯುತ್ತಾ ಸಾಗುವ ಟ್ರಾಲ್ ಬೋಟಿನ ಪಾಲಿಥಿನ್ ಬಲೆ, ಪಾಲಿಪ್ರೊಪಿಲೀನ್ ಹಗ್ಗ, ಎಲ್ಲವೂ ಇರುತ್ತವೆ. ಗುರುತಿಸಲು ಒಂದು ಬಾಲ್ದಿ ಸಿಹಿನೀರು ಸಾಕು. ಉಗುರಿನಷ್ಟು ತುಂಡನ್ನು ನೀರೊಳಗೆ ಹಿಸುಕಿ, ಗಾಳಿಗುಳ್ಳೆ ಹೋದ ಮೇಲೆ ಬಿಡಿ. ನೈಲಾನ್ ತಳ ಸೇರುತ್ತದೆ, ಉಳಿದೆರಡು ತೇಲುತ್ತವೆ. ಬಲೆಗೆ ಬಳಸುವ ನೈಲಾನ್ ಕರಗಲು ಸುಮಾರು 220 ಡಿಗ್ರಿ ಸೆಲ್ಸಿಯಸ್ ಬೇಕು, ಪಾಲಿಥಿನ್‌ಗೆ 130 ಸಾಕು. ಒಟ್ಟಿಗೆ ಹಾಕಿದರೆ ಎಣ್ಣೆ ನೀರಿನ ಸಂಸಾರವೇ; ಹಲಗೆ ಬಲವಾಗಿ ನಿಲ್ಲುವುದಿಲ್ಲ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಕತ್ತಿ ಹಿಡಿದು ಕುಳಿತು ಬೇರ್ಪಡಿಸುವವರು. ಅವರ ಕೂಲಿಯ ಲೆಕ್ಕ ಹಾಕದ ಯೋಜನೆಗಳ ಮೇಲೆ ನನಗೆ ನಂಬಿಕೆಯಿಲ್ಲ.

ಯಂತ್ರವಿಲ್ಲದೆ ಮನೆಯಲ್ಲೇ ಆಗುವಂಥದ್ದು ಕಾಲೊರೆಸು. ನಮ್ಮ ಜಗಲಿಯಲ್ಲಿರುವುದು ಬೋಟಿನ ಹಳೆಯ ಹಗ್ಗದ್ದು. ಆಷಾಢದ ಮಳೆಯಲ್ಲಿ ಸೂರಿನ ನೀರು ಬೀಳುವಲ್ಲಿ ಒಂದು ವಾರ ಬಿಟ್ಟೆವು. ಉಪ್ಪೂ ಹೋಯಿತು, ನಾತವೂ ಹೋಯಿತು. ನಾತದ ಮಾತನ್ನು ನಮ್ಮ ಬೆಕ್ಕು ಇನ್ನೂ ಒಪ್ಪಿಲ್ಲ. ಎಳೆ ಬಿಚ್ಚದಂತೆ ತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಹಗ್ಗವನ್ನು ಚಕ್ಕುಲಿಯಂತೆ ಸುತ್ತುತ್ತಾ ಪ್ರತಿ ಸುತ್ತನ್ನೂ ನೈಲಾನ್ ದಾರದಿಂದ ಹೊಲಿಯಬೇಕು. ನಾರಿನ ಕಾಲೊರೆಸು ನಮ್ಮ ಮಳೆಗಾಲಕ್ಕೆ ಕೊಳೆತುಹೋಗುತ್ತಿತ್ತು. ಇದಕ್ಕೆ ಕೊಳೆಯುವುದೇ ಗೊತ್ತಿಲ್ಲ. ಕಡಲಿಗೆ ಶಾಪವಾದ ಗುಣ ಜಗಲಿಗೆ ವರವಾಯಿತು.

ಆದರೆ ಹಗ್ಗವನ್ನು ಆರಿಸುವಾಗ ಹೆಬ್ಬೆರಳಿನಿಂದ ತಿಕ್ಕಿ ನೋಡಿ. ಪುಡಿ ಉದುರಿದರೆ ಬಿಸಿಲು ಅದನ್ನು ತಿಂದಿದೆ ಎಂದೇ ಅರ್ಥ. ಅಂಥದ್ದು ಕಾಲೊರೆಸಿಗೂ ಬೇಡ, ಬಾವಿಯ ಹತ್ತಿರವಂತೂ ತರಲೇಬೇಡಿ. ಬಲೆಯ ಅಂಚಿನ ಸೀಸದ ಗುಂಡುಗಳನ್ನು ಮೊದಲೇ ಬಿಚ್ಚಿ ಬೇರೆ ಇಡಿ. ಗೋಲಿಯಾಡಲು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೊಡಬೇಡಿ.

ನಮಸ್ಕಾರ.