ಬಯಲಲ್ಲಿ ಒಬ್ಬರೇ ಸಿಕ್ಕಿಬಿದ್ದರೆ ಏನು ನೆನಪಿರುತ್ತೆ?

ನಮಸ್ಕಾರ. ಮೊದಲು ಒಂದು ಸಣ್ಣ ಕೆಲಸ ಮಾಡೋಣ.

ಗೊತ್ತಿಲ್ಲದ ದೇಶ. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ನೀವೊಬ್ಬರೇ ಇದ್ದೀರಿ, ಕೈ ಖಾಲಿ. ಇನ್ನು ಕೆಲವು ತಿಂಗಳು ಊಟ, ನೀರು ನೀವೇ ಹುಡುಕಿಕೊಳ್ಳಬೇಕು, ಕಾಡುಮೃಗಗಳ ಬಾಯಿಗೆ ಬೀಳದ ಹಾಗೆ ಇರಬೇಕು. ಈಗ ನಾನು ಎಂಟು ವಸ್ತು ಹೇಳ್ತೀನಿ. ಆ ಬಯಲಲ್ಲಿ ಬದುಕೋಕೆ ಅದು ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ಒಂದರಿಂದ ಐದರೊಳಗೆ ಮನಸ್ಸಲ್ಲೇ ಅಂಕ ಕೊಡ್ತಾ ಹೋಗಿ.

ಹಗ್ಗ. ಕನ್ನಡಿ. ದಿಂಬು. ಕೊಡೆ. ಬೋಗುಣಿ. ಸೂಜಿ. ಕಂಬಳಿ. ಪಿಟೀಲು.

ಆಯ್ತಾ? ಇದನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗೋಣ.

ಈ ಪ್ರಯೋಗ ನನ್ನದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೇಮ್ಸ್ ನೈರ್ನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು. ಕೆಲವರಿಗೆ ಈ ಹುಲ್ಲುಗಾವಲಿನ ಕಥೆ ಹೇಳಿದರು. ಇನ್ನು ಕೆಲವರಿಗೆ, 'ಬೇರೆ ದೇಶಕ್ಕೆ ಮನೆ ಬದಲಾಯಿಸ್ತಿದ್ದೀರಿ, ಈ ವಸ್ತು ಎಷ್ಟು ಬೇಕಾಗುತ್ತೆ?' ಅಂತ ಕೇಳಿದರು. ಮತ್ತೆ ಕೆಲವರಿಗೆ, 'ಈ ಪದ ಎಷ್ಟು ಹಿತವಾಗಿದೆ?' ಅಂತಷ್ಟೇ ಕೇಳಿದರು. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ 'ನೆನಪಿರೋ ಪದಗಳನ್ನೆಲ್ಲ ಬರೀರಿ' ಅಂದರು. ಬದುಕುಳಿಯೋ ದೃಷ್ಟಿಯಿಂದ ಯೋಚಿಸಿದವರಿಗೇ ಹೆಚ್ಚು ಪದ ನೆನಪಿತ್ತು. ಮರುವರ್ಷ ಇದೇ ತಂಡ ಮನಸ್ಸಲ್ಲಿ ಚಿತ್ರ ಕಟ್ಟಿಕೊಳ್ಳೋದು, ಸ್ವಂತ ಅನುಭವಕ್ಕೆ ಜೋಡಿಸೋದು, ಬೇಕಂತಲೇ ಕಂಠಪಾಠ ಮಾಡೋದು, ಹೀಗೆ ಹೆಸರಾಂತ ವಿಧಾನಗಳ ಪಕ್ಕ ಇದನ್ನಿಟ್ಟು ನೋಡಿತು. ಆಗಲೂ ಹುಲ್ಲುಗಾವಲೇ ಗೆದ್ದಿತು. ನೆನಪಿಟ್ಟುಕೊಳ್ಳಬೇಕು ಅಂತ ಕೂತವರಿಗಿಂತ, ಪರೀಕ್ಷೆ ಇದೆ ಅನ್ನೋದೇ ಗೊತ್ತಿಲ್ಲದವರಿಗೆ ಹೆಚ್ಚು ನೆನಪಿತ್ತು! ನನಗೆ ಇದು ದೊಡ್ಡ ಮಾತು.

ಯಾಕೆ ಹೀಗೆ? ನಮ್ಮ ಪೂರ್ವಜರು ಲಕ್ಷಾಂತರ ವರ್ಷ ಬೇಟೆಯಾಡ್ಕೊಂಡು, ಗೆಡ್ಡೆ-ಗೆಣಸು ಕಿತ್ಕೊಂಡು ಬದುಕಿದ್ದರಿಂದ ನೆನಪಿನ ಶಕ್ತಿಯೂ ಅದಕ್ಕೇ ಹದವಾಗಿದೆ ಅನ್ನೋದು ನೈರ್ನ್ ಅವರ ವಾದ. 2008ರಲ್ಲಿ ಇನ್ನೊಂದು ತಂಡ ಅದೇ ಕಥೆಯನ್ನು ನಗರಕ್ಕೆ ತಂದು, ಮೃಗಗಳ ಬದಲು ದಾಳಿಕೋರರನ್ನಿಟ್ಟು ನೋಡಿದಾಗ ಹುಲ್ಲುಗಾವಲಿಗೇ ಹೆಚ್ಚು ಫಲ ಸಿಕ್ಕಿತು. ಅಲ್ಲಿಗೆ ವಾದ ಗಟ್ಟಿಯಾಯ್ತು ಅನ್ನಬೇಕು. ಆದರೆ 2011ರಲ್ಲಿ ಇನ್ನಿಬ್ಬರು ಮೃಗಗಳನ್ನು ತೆಗೆದು ಜೋಂಬಿಗಳನ್ನು ಬಿಟ್ಟರು, ನಡೆದಾಡೋ ಹೆಣಗಳನ್ನು. ನೆನಪು ಇನ್ನೂ ಹೆಚ್ಚಿತು. ನಮ್ಮ ಯಾವ ಪೂರ್ವಜ ಜೋಂಬಿ ನೋಡಿದ್ದ, ಹೇಳಿ.

ನನ್ನ ಮನಸ್ಸು ಒಪ್ಪಿದ್ದು ಅದೇ ವರ್ಷ ಜರ್ಮನಿಯಲ್ಲಿ ಕ್ರೋನೈಸನ್ ಮತ್ತು ಎರ್ಡ್‌ಫೆಲ್ಡರ್ ಮಾಡಿದ ಕೆಲಸ. ಅವರು ಕಥೆಯನ್ನು ಕಿರಿದು ಮಾಡಿದರು. ಮೃಗ ಇಲ್ಲ, ಹಸಿವಿಲ್ಲ, ಕುಡಿಯೋ ನೀರಿನ ಸಮಸ್ಯೆ ಒಂದೇ. ನೀರಿಲ್ಲದೆ ಯಾರೂ ಬದುಕಲ್ಲ, ಇದೂ ಪ್ರಾಣದ ಪ್ರಶ್ನೆಯೇ. ಆದರೂ ಆ ಲಾಭ ಮಾಯವಾಯ್ತು. ಅಂದರೆ ಪ್ರಾಣಭಯವೊಂದೇ ಕೆಲಸ ಮಾಡ್ತಿಲ್ಲ. ಹಗ್ಗ ಅಂದಾಗ ಗುಡಿಸಲು ಕಟ್ಟಬಹುದು, ಉರುಳು ಹಾಕಬಹುದು, ಮರ ಹತ್ತಬಹುದು ಅಂತ ಮನಸ್ಸು ನಾಲ್ಕು ಕಡೆ ಓಡುತ್ತಲ್ಲ, ಆ ಓಟ ಕೆಲಸ ಮಾಡ್ತಿದೆ. ಹಗ್ಗಕ್ಕೆ ನಾಲ್ಕು ಉಪಯೋಗ ಕಂಡರೆ, ನೆನಪಿನಿಂದ ಅದನ್ನು ಎಳೆದುಕೊಳ್ಳೋಕೆ ನಾಲ್ಕು ದಾರಿ. ಇದೇ ಗುಂಪಿನವರು ಆಮೇಲೆ, ಜೊತೆಗೇ ಇನ್ನೊಂದು ಕೆಲಸ ಕೊಟ್ಟು ಮನಸ್ಸಿಗೆ ಬಿಡುವೇ ಇಲ್ಲದ ಹಾಗೆ ಮಾಡಿದಾಗಲೂ ಲಾಭ ಉಳಿಯಲಿಲ್ಲ.

ಎಲ್ಲರೂ ಇದನ್ನು ಒಪ್ಪಿಲ್ಲ. ಸಾವಿನ ಯೋಚನೆಯೇ ನೆನಪನ್ನು ಹೆಚ್ಚಿಸುತ್ತೆ ಅಂತ 2012ರಲ್ಲಿ ಒಂದು ಅಧ್ಯಯನ ಬಂತು. ಇಲ್ಲ, ಬದುಕುಳಿಯೋ ಯೋಚನೆಯ ಲಾಭ ಸಾವಿನ ನೆನಪಿನಿಂದಾಗಲಿ ಕೆಟ್ಟ ಭಾವನೆಯಿಂದಾಗಲಿ ಬರೋದಲ್ಲ ಅಂತ ಮರುವರ್ಷ ಇನ್ನೊಂದು ಬಂತು. ನಾನು ಎರಡನೆಯದರ ಕಡೆ. ಕಾರಣ ಪ್ರಯೋಗಾಲಯದ್ದಷ್ಟೇ ಅಲ್ಲ.

ನಾನು ಓದಿದ ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಅಂಗೈ ಮೇಲೆ ಬೆತ್ತ ಬೀಳ್ತಿತ್ತು. ಆ ಬೆತ್ತ ಎಲ್ಲಿ ಇಟ್ಟಿರ್ತಿದ್ದರು, ಬೀಸುವಾಗ ಹೇಗೆ ಸದ್ದಾಗ್ತಿತ್ತು, ಎಲ್ಲ ನೆನಪಿದೆ. ಹದಿನೇಳರ ಮಗ್ಗಿ ನೆನಪಿಲ್ಲ. ಹೆದರಿದ ಮನಸ್ಸು ಹೆದರಿಸಿದ್ದನ್ನೇ ನೋಡ್ತಾ ನಿಲ್ಲುತ್ತೆ. ಇವತ್ತಿಗೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ 'ಫೇಲಾದರೆ ಬೀದಿಪಾಲಾಗ್ತೀಯ' ಅಂತ ಬೆಳಿಗ್ಗೆ ಸಂಜೆ ಹೇಳೋ ಮನೆಗಳಿವೆ. ಅದು ಮಗುವಿನ ಒಳ್ಳೆಯದಕ್ಕೇ ಅಂತ ಅವರು ನಂಬಿದ್ದಾರೆ, ನನಗೆ ಗೊತ್ತು. ಆದರೆ ದಯವಿಟ್ಟು ಆ ಮಾತು ಬಿಡಿ. ಬದಲಿಗೆ, 'ಈ ಪಾಠದಲ್ಲಿ ಓದಿದ್ದು ಎಲ್ಲೆಲ್ಲಿ ಕೆಲಸಕ್ಕೆ ಬರುತ್ತೆ, ನಾಲ್ಕು ಕಡೆ ಹೇಳು ನೋಡೋಣ' ಅಂತ ಕೇಳಿ. ಉತ್ತರ ತಪ್ಪಾದರೂ ಪರವಾಗಿಲ್ಲ, ಹುಡುಕ್ತಾ ಇರಲಿ.

ಈಗ ನಮ್ಮ ಬಯಲಿಗೆ ವಾಪಸ್ ಬನ್ನಿ. ಎಂಟು ವಸ್ತು ಹೇಳಿದ್ದೆ. ವಿಡಿಯೋ ನಿಲ್ಲಿಸಿ, ನೆನಪಿರೋದನ್ನು ಬರೆದುಕೊಳ್ಳಿ.

ಹಗ್ಗ ಬಂತಾ? ಕಂಬಳಿ? ಯಾವ ಕೆಲಸಕ್ಕೂ ಬಾರದ ಆ ಪಿಟೀಲು? ಅದರ ತಂತಿ ಬಿಚ್ಚಿ ಬಲೆ ಮಾಡಬಹುದು ಅಂತ ಯಾರಿಗಾದರೂ ಹೊಳೆದಿದ್ದರೆ, ಅವರು ಅದನ್ನು ಮರೆತಿರೋದು ಕಷ್ಟ.

ಪಟ್ಟಿಯಲ್ಲಿ ಚಾಕು ಇದೆಯಾ? ಬೆಂಕಿಪೊಟ್ಟಣ? ಇವೆರಡನ್ನೂ ನಾನು ಹೇಳಲಿಲ್ಲ. ನೆದರ್‌ಲ್ಯಾಂಡ್ಸ್‌ನ ಓಟ್‌ಗಾರ್ ಮತ್ತು ಸ್ಮೇಟ್ಸ್ 2010ರಲ್ಲಿ ಇದನ್ನೂ ತೋರಿಸಿದರು. ಬದುಕುಳಿಯೋ ಯೋಚನೆಯಲ್ಲಿ ನಿಜವಾದ ನೆನಪಿನ ಜೊತೆಗೆ ಸುಳ್ಳು ನೆನಪೂ ಹೆಚ್ಚಾಗುತ್ತೆ. ಬಯಲಲ್ಲಿ ನಿಂತ ಮನಸ್ಸು ಕೊಟ್ಟಿದ್ದನ್ನಷ್ಟೇ ಇಟ್ಟುಕೊಳ್ಳಲ್ಲ, ತನಗೆ ಬೇಕಾದ್ದನ್ನೂ ಸೇರಿಸಿಕೊಳ್ಳುತ್ತೆ. ಅನುಮಾನ ಇದ್ದರೆ ವಿಡಿಯೋ ಹಿಂದಕ್ಕೆ ಎಳೆದು ಆ ಎಂಟು ಹೆಸರು ಇನ್ನೊಂದು ಸಲ ಕೇಳಿಸ್ಕೊಳ್ಳಿ.