ಮಂಜಿನೊಳಗೆ ಒಂದು ಪರದೆ

ಕೇಳುಗರಿಗೆ ನಮಸ್ಕಾರ. ಬೀದಿಯ ದೊಡ್ಡ ಪರದೆಯ ಮೇಲಿನ ಕಲೆ, ಅಂದರೆ ಕಣ್ಣಲ್ಲಿ ನೋಡುವ ವಿಷಯವನ್ನು ರೇಡಿಯೋದಲ್ಲಿ ಹೇಳಲು ಹೊರಟಿದ್ದೇನೆ. ನಗಬೇಡಿ, ಕೇಳಿ.

ಮಡಿಕೇರಿ ದಸರಾದ ಕೊನೆಯ ರಾತ್ರಿ ಟ್ರ್ಯಾಕ್ಟರ್ ಮೇಲೆ ಹತ್ತು ಮಂಟಪಗಳು ಹೊರಡುತ್ತವಲ್ಲ? ರಾಕ್ಷಸ ಬಾಯಿ ತೆರೆಯುತ್ತಾನೆ, ದೇವಿ ತ್ರಿಶೂಲ ಎತ್ತುತ್ತಾಳೆ. ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಬೆಳಗಿನ ಜಾವದವರೆಗೆ ಬೀದಿಯಲ್ಲೇ ನಿಂತು ನೋಡುತ್ತೇವೆ. ವಿಡಿಯೋ, ಕಂಪ್ಯೂಟರ್ ಬಳಸಿ ಮಾಡುವ ಕಲೆಗೆ ಈಗ ನ್ಯೂ ಮೀಡಿಯಾ ಆರ್ಟ್ ಅನ್ನುತ್ತಾರೆ. ಅದನ್ನು ಬೀದಿಯ ದೊಡ್ಡ ಪರದೆಗೆ ತರುತ್ತಾರಂತೆ ಅಂದಾಗ ನನಗೆ ಹೊಸದು ಅನ್ನಿಸಲೇ ಇಲ್ಲ.

ಹೊರದೇಶದಲ್ಲಿ ಇದು ಜಾಹೀರಾತಿನ ನಡುವೆ ಜಾಗ ಮಾಡಿಕೊಂಡಿತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1982ರಲ್ಲೇ ಜೆನ್ನಿ ಹೋಲ್ಜರ್ ಎಂಬ ಕಲಾವಿದೆ ಜಾಹೀರಾತಿನ ಬೋರ್ಡಿನ ಮೇಲೆ ತನ್ನ ಒಂದೊಂದು ಸಾಲಿನ ಮಾತು ಹಾಕಿದ್ದರು. ಅಲ್ಲೇ 2012ರಿಂದ ರಾತ್ರಿ 11 ಗಂಟೆ 57 ನಿಮಿಷಕ್ಕೆ ಹತ್ತಾರು ಪರದೆಗಳಲ್ಲಿ ಜಾಹೀರಾತು ನಿಲ್ಲುತ್ತದೆ, ಕಲೆ ಶುರುವಾಗುತ್ತದೆ. ಮೂರೇ ನಿಮಿಷ. ಆಮೇಲೆ ಮತ್ತೆ ವ್ಯಾಪಾರ!

ನನಗೆ ಜಾಸ್ತಿ ಇಷ್ಟವಾದದ್ದು ಶಿಕಾಗೋದ್ದು. ಜೌಮೆ ಪ್ಲೆನ್ಸಾ ಎಂಬ ಕಲಾವಿದ ಮಾಡಿದ ಕಾರಂಜಿ, 2004ರದ್ದು. ಐವತ್ತು ಅಡಿಯ ಎರಡು ಗಾಜಿನ ಗೋಪುರ. ಅದರಲ್ಲಿ ಆ ಊರಿನ ಸುಮಾರು ಸಾವಿರ ಜನರ ಮುಖ ಸರದಿಯಲ್ಲಿ ಬರುತ್ತದೆ. ಮುಖ ತುಟಿ ಮುಂದೆ ಮಾಡುತ್ತದೆ, ಬಾಯಿಂದ ನೀರು ಚಿಮ್ಮುತ್ತದೆ. ಮಕ್ಕಳು ಕೆಳಗೆ ನಿಂತು ನೆನೆಯುತ್ತಾರೆ.

ನಮ್ಮದೂ ಒಂದು ಸಾಹಸ ಆಯ್ತು. ಊರಿನ ಕಾರ್ಯಕ್ರಮಕ್ಕೆ ಎಲ್‌ಇಡಿ ಪರದೆ ಬಾಡಿಗೆಗೆ ತಂದಿದ್ದರು. ಜನವರಿ ರಾತ್ರಿ. ಕಣದಲ್ಲಿ ಕಾಫಿ ಹಣ್ಣು ಹರಡುವ ಎರಡು ನಿಮಿಷದ ವಿಡಿಯೋ ಮೊಬೈಲಲ್ಲಿ ತೆಗೆದು ನಾನೇ ಕೊಟ್ಟಿದ್ದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಕೇಳಿದರು: "ಎಂತ ಮಗಾ ಅದು, ಟೊಮೆಟೊನಾ?"

ತಪ್ಪು ನನ್ನದೇ. ಅದು ಪಿ10 ಪರದೆ. ಅಂದರೆ ಒಂದು ಬೆಳಕಿನ ಚುಕ್ಕಿಗೂ ಇನ್ನೊಂದಕ್ಕೂ 10 ಮಿಲಿಮೀಟರ್ ದೂರ. ಹತ್ತಿರ ಹೋದರೆ ಕೆಂಪು, ಹಸಿರು, ನೀಲಿ ಚುಕ್ಕಿ ಮಾತ್ರ. ಹತ್ತು ಮೀಟರಾದರೂ ಹಿಂದೆ ಸರಿದರೆ ಚಿತ್ರ ಕೂಡಿಕೊಳ್ಳುತ್ತದೆ. ಸಣ್ಣ ಹಣ್ಣು ಅದರಲ್ಲಿ ಎಲ್ಲಿ ನಿಲ್ಲಬೇಕು? ಹಿನ್ನೆಲೆಗೆ ಹಾಕಿದ್ದ ಹಕ್ಕಿಯ ದನಿಯನ್ನು ಪಕ್ಕದ ಚುರುಮುರಿ ಗಾಡಿಯವರ ಕೂಗು ನುಂಗಿತು. ಅದು ಹೋದದ್ದೇ ಒಳ್ಳೆಯದಾಯ್ತು ಅನ್ನಿ. ಬೀದಿಯ ಚಿತ್ರಕ್ಕೆ ಸದ್ದು ಬೇಡ.

ಅಷ್ಟರಲ್ಲಿ ಮಂಜು ಇಳಿಯಿತು. ಪರದೆ ಮಸುಕಾಯ್ತು. ಆದರೆ ಕಾಫಿ ಹಣ್ಣಿನ ಕೆಂಪು ಮಂಜಿಗೆ ಹತ್ತಿತು. ಮೈದಾನದ ಗಾಳಿಯೇ ಕೆಂಪಾಗಿ, ಅದರೊಳಗೆ ಜನ ಓಡಾಡುತ್ತಿದ್ದರು. ಮಕ್ಕಳು ಕೈ ಚಾಚಿ ಬಣ್ಣ ಹಿಡಿಯಲು ನೋಡಿದವು. ಸುಮ್ನೆ ಹೇಳುತ್ತಿಲ್ಲ, ಆವತ್ತಿನ ಕಾರ್ಯಕ್ರಮದಲ್ಲಿ ಚಪ್ಪಾಳೆ ಬಿದ್ದದ್ದು ಅದಕ್ಕೆ ಮಾತ್ರ.

ಈ ಸಲ ಹಣ್ಣು ಕುಯ್ಯುವ ಎರಡು ಕೈ ಮಾತ್ರ ತೆಗೆದಿದ್ದೇನೆ. ಪರದೆ ತುಂಬ ಕೈ, ನಲವತ್ತು ಸೆಕೆಂಡ್, ಸದ್ದಿಲ್ಲ. ಕರೆಂಟು ನಂಬುವ ಹಾಗಿಲ್ಲ, ಜನರೇಟರ್‌ಗೂ ಹೇಳಿದ್ದೇನೆ. ಮಂಜಿಗೆ ಯಾರಿಗೆ ಹೇಳಬೇಕೋ ಗೊತ್ತಿಲ್ಲ.

ನಮಸ್ಕಾರ.