ಅವನಿಗೆ ನಂಬೋಕೆ ಬರಲ್ಲ

ಎಲ್ಲರಿಗೂ ನಮಸ್ಕಾರ.

ಮೊದಲು ನಿಮ್ಮಲ್ಲಿ ಒಂದು ಕೇಳಿಕೆ. ಇಲ್ಲಿ ದೇವರನ್ನು ನಂಬುವವರಿದ್ದೀರಿ, ನಂಬದವರೂ ಇದ್ದೀರಿ. ನಂಬುವವರು ಒಂದು ನಿಮಿಷದ ಮಟ್ಟಿಗೆ ನಂಬದೆ ಇದ್ದು ನೋಡಿ. ನಂಬದವರು ಒಂದು ನಿಮಿಷ ಮನಸಾರೆ ನಂಬಿ ನೋಡಿ. ನಟಿಸೋದು ಬೇಡ, ನಿಜವಾಗಿ.

ಆಗಲ್ಲ, ಅಲ್ವಾ?

ನಾನು ಇದನ್ನು ಪ್ರಯತ್ನಿಸಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ರಾತ್ರಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂರುತ್ತಿದ್ದರು. ಅವರ ಮಗ ಒಳಗಿದ್ದ. ಸೆರಗಿನ ತುದಿಯಲ್ಲಿ ಒಂದು ಕುಂಕುಮದ ಪೊಟ್ಟಣ ಗಂಟು ಹಾಕಿಕೊಂಡಿದ್ದರು. ಆ ಗಂಟನ್ನು ಹಿಡಿದು ಕಣ್ಣು ಮುಚ್ಚಿದರೆ ಅವರ ಉಸಿರು ನಿಧಾನವಾಗುತ್ತಿತ್ತು, ಮುಖ ಸಡಿಲವಾಗುತ್ತಿತ್ತು. ನನಗೂ ಅದು ಬೇಕಾಗಿತ್ತು. ಕೈ ಜೋಡಿಸಿದೆ, ಕಣ್ಣು ಮುಚ್ಚಿದೆ. ಚಿಕ್ಕಂದಿನಲ್ಲಿ ಕಲಿತ ಶ್ಲೋಕವೆಲ್ಲ ನೆನಪಿಗೆ ಬಂತು. ನಂಬಿಕೆ ಮಾತ್ರ ಬರಲಿಲ್ಲ. ಅಷ್ಟು ಆಸೆ ಇದ್ದಾಗಲೂ ಬರಲಿಲ್ಲ ಅಂದಮೇಲೆ ಅದನ್ನು ನನ್ನ ಆಯ್ಕೆ ಅಂತ ಹೇಗೆ ಕರೆಯಲಿ?

ಇವತ್ತಿನ ವಿಷಯ, ಆಸ್ತಿಕತೆ ನಾಸ್ತಿಕತೆ ಅವರವರ ವೈಯಕ್ತಿಕ ಆಯ್ಕೆಯೇ ಅನ್ನುವುದು. ಹೌದು ಅಂದುಬಿಡುವುದು ಸುಲಭ. ಜಗಳ ತಪ್ಪುತ್ತದೆ. ಆದರೆ ವೈಯಕ್ತಿಕ, ಆಯ್ಕೆ ಅನ್ನುವ ಆ ಎರಡು ಪದಗಳಲ್ಲಿ ಒಂದೊಂದರ ಬಗ್ಗೆಯೂ ನನಗೆ ತಕರಾರಿದೆ.

ಆಯ್ಕೆ ಅನ್ನುವುದು ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ. ಇದು ಬೇಡ, ಅದು ಕೊಡಿ ಅನ್ನಬಹುದು. ನಂಬಿಕೆ ಹಾಗೆ ಬರುವುದಿಲ್ಲ. ಮಾತು ಕಲಿಯುವ ಮೊದಲೇ ನಮ್ಮ ಎರಡು ಕೈ ಹಿಡಿದು "ಜೋತ ಮಾಡು" ಅಂತ ಜೋಡಿಸಿರುತ್ತಾರೆ. ಶಾಲೆಗೆ ಸೇರುವ ದಿನ ಅರ್ಜಿಯಲ್ಲಿ ಧರ್ಮ ಅನ್ನುವ ಕಡೆ ಅಪ್ಪ ಏನೋ ಬರೆಯುತ್ತಾರೆ. ಆಗ ನಮಗೆ ಓದಲೂ ಬರುವುದಿಲ್ಲ. ನಂಬಿಕೆ ಕಳೆದುಕೊಂಡವರದೂ ಇದೇ ಕತೆ. ನಾಳೆಯಿಂದ ನಂಬುವುದಿಲ್ಲ ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ಎಷ್ಟೋ ವರ್ಷ ಒಳಗೊಳಗೇ ಏನೋ ಸವೆಯುತ್ತದೆ. ಒಂದು ದಿನ ನೋಡಿದರೆ ಇರುವುದಿಲ್ಲ.

ಆಸ್ತಿಕ, ನಾಸ್ತಿಕ ಅನ್ನುವ ಪದಗಳ ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ನಮ್ಮ ಹಳೆಯ ದರ್ಶನಗಳಲ್ಲಿ ಆಸ್ತಿಕ ಅಂದರೆ ವೇದವನ್ನು ಒಪ್ಪುವವನು. ದೇವರನ್ನು ಒಪ್ಪುವುದು ಬೇರೆಯೇ ಮಾತು. ಆ ದರ್ಶನಗಳಲ್ಲಿ ಒಂದಾದ ಮೀಮಾಂಸೆಯವರು ಜಗತ್ತನ್ನು ಸೃಷ್ಟಿಸಿದ ಈಶ್ವರ ಬೇಕಿಲ್ಲ ಅಂದರು, ಆದರೂ ಆಸ್ತಿಕರೆನಿಸಿಕೊಂಡರು. ಜೈನರಲ್ಲೂ ಸೃಷ್ಟಿಕರ್ತ ಇಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಬಾಹುಬಲಿಯ ಪಾದದ ಹತ್ತಿರ ಕೈ ಮುಗಿದು ನಿಂತ ಜೈನ ಭಕ್ತರನ್ನು ನೋಡಿ. ಅವರನ್ನು ಯಾವ ಕಡೆ ಸೇರಿಸುತ್ತೀರಿ?

ಇನ್ನು ವೈಯಕ್ತಿಕ ಅನ್ನುವ ಪದ. ಇಲ್ಲಿ ನನಗೆ ಹೇಳೋದು ಜಾಸ್ತಿ ಇದೆ.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸುವ ಹಕ್ಕಿಗೂ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯದ ಮಾತಾಡುತ್ತದೆ. ನಂಬದೆ ಇರುವವರಿಗೂ ಅಲ್ಲಿ ಜಾಗ ಇದೆ. 2014ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿತು. ನನಗೆ ಯಾವ ಧರ್ಮವೂ ಇಲ್ಲ ಅನ್ನುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಧರ್ಮ ಹೇಳಲೇಬೇಕು ಅಂತ ಸರ್ಕಾರ ಒತ್ತಾಯ ಮಾಡುವಂತಿಲ್ಲ ಅಂದಿತು. ಅದಕ್ಕೂ ಮೊದಲು 2011ರ ಜನಗಣತಿಯಲ್ಲಿ 28 ಲಕ್ಷಕ್ಕೂ ಜಾಸ್ತಿ ಜನ ತಮ್ಮ ಧರ್ಮ ಯಾವುದು ಅಂತ ಹೇಳಿರಲಿಲ್ಲ. ಅವರೆಲ್ಲ ನಾಸ್ತಿಕರು ಅಂತಲ್ಲ. ಆ ಕಡೆ ಏನೂ ಬರೆಸದೆ ಬಿಟ್ಟವರು, ಅಷ್ಟೇ.

ಆದರೆ ಕಾನೂನಿನ ಇನ್ನೊಂದು ಪುಟ ತೆಗೆಯಿರಿ. 1955ರ ಹಿಂದೂ ವಿವಾಹ ಕಾಯ್ದೆ ಯಾರಿಗೆ ಅನ್ವಯಿಸುತ್ತದೆ? ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ. ಜೊತೆಗೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಉಳಿದವರಿಗೂ. ಅಂದರೆ ಹಿಂದೂ ಮನೆಯಲ್ಲಿ ಹುಟ್ಟಿದವನು ಏನೂ ನಂಬದಿದ್ದರೂ ಈ ಕಾಯ್ದೆಗೆ ಅವನು ಒಳಗಿನವನೇ. ಒಂದು ಕಡೆ ನಿನ್ನ ಆತ್ಮಸಾಕ್ಷಿ ನಿನ್ನದು ಅನ್ನುತ್ತದೆ, ಇನ್ನೊಂದು ಕಡೆ ಹುಟ್ಟಿದ ಮನೆ ನೋಡಿ ಹೆಸರು ಬರೆದುಕೊಳ್ಳುತ್ತದೆ.

ಇದರಿಂದ ನನ್ನಂಥವನಿಗೆ ದೊಡ್ಡ ನಷ್ಟ ಏನಿಲ್ಲ. ನಷ್ಟ ಆಗುವವರು ಬೇರೆ ಇದ್ದಾರೆ.

ಅಂಬೇಡ್ಕರ್ 1935ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ, ನಾನು ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ. ನಡುವೆ 21 ವರ್ಷ. ಆ 21 ವರ್ಷ ಅವರು ಓದಿದರು, ತೂಗಿದರು, ಬೇರೆ ಬೇರೆ ಧರ್ಮದ ಮುಖಂಡರ ಮಾತು ಕೇಳಿಸಿಕೊಂಡರು, ತಮ್ಮನ್ನು ನಂಬಿದ ಜನರಿಗೆ ಏನಾಗುತ್ತದೆ ಅಂತ ಯೋಚಿಸಿದರು. ಕೊನೆಗೆ ಆರಿಸಿಕೊಂಡದ್ದು ಸೃಷ್ಟಿಕರ್ತ ಇಲ್ಲದ ಒಂದು ಧರ್ಮವನ್ನು. ನಂಬಿಕೆಯಲ್ಲಿ ಆಯ್ಕೆ ಅನ್ನುವುದು ಎಲ್ಲಾದರೂ ಇದ್ದರೆ ಅದು ಇದು. ಆದರೆ ಇದು ಒಬ್ಬ ಮನುಷ್ಯನ ವೈಯಕ್ತಿಕ ವಿಷಯವೇ? ಅವತ್ತು ಅವರ ಹಿಂದೆ ಲಕ್ಷಾಂತರ ಜನ ನಿಂತಿದ್ದರು.

ಆ ಜನರಿಗೆ ಏನಾಯಿತು ಅನ್ನುವುದನ್ನು ನಾವು ಮರೆಯಬಾರದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ಪಂಜಾಬಿನ ಕಡೆಯ ಕೆಲವು ಸಿಖ್ ಜಾತಿಗಳನ್ನು ಬಿಟ್ಟರೆ, ಹಿಂದೂ ಧರ್ಮದಲ್ಲಿ ಇದ್ದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಸಿಗುತ್ತಿತ್ತು. 1956ರಲ್ಲಿ ಉಳಿದ ಸಿಖ್ ದಲಿತರನ್ನೂ ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಬಾಬಾಸಾಹೇಬರ ಜೊತೆ ದೀಕ್ಷೆ ಪಡೆದವರು ಕೇಂದ್ರದ ಮಟ್ಟದಲ್ಲಿ ಈ ಮಾನ್ಯತೆಗೆ 34 ವರ್ಷ ಕಾಯಬೇಕಾಯಿತು. ಮಕ್ಕಳು ದೊಡ್ಡವರಾಗಿ, ಅವರಿಗೂ ಮಕ್ಕಳಾಗುವಷ್ಟು ಕಾಲ. ಕ್ರೈಸ್ತ ಅಥವಾ ಮುಸ್ಲಿಂ ಆದ ದಲಿತರಿಗೆ ಆ ಆದೇಶದಲ್ಲಿ ಜಾಗ ಆಮೇಲೂ ಸಿಗಲಿಲ್ಲ. ಹೀಗಿರುವಾಗ ಒಬ್ಬ ದಲಿತ ಹುಡುಗನ ಮುಂದೆ ನಿಂತು, ಧರ್ಮ ನಿನ್ನ ಸ್ವಂತ ಆಯ್ಕೆ ಕಣಪ್ಪ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವನ ಆಯ್ಕೆಗೆ ಬೆಲೆಪಟ್ಟಿ ಅಂಟಿಸಿ ಇಟ್ಟಿದ್ದೇವೆ.

ಮನೆಯೊಳಗೂ ಇದೇ ತಾರತಮ್ಯ ಇದೆ. ಎಚ್. ನರಸಿಂಹಯ್ಯನವರನ್ನು ನಾನು ತುಂಬಾ ಗೌರವಿಸುತ್ತೇನೆ. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ದೊಡ್ಡ ದೊಡ್ಡವರ ವಿರೋಧ ಕಟ್ಟಿಕೊಂಡರು. ಮದುವೆಯಾಗಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದರು. ತಾವು ಅಂದುಕೊಂಡದ್ದಕ್ಕೂ ಬದುಕಿದ್ದಕ್ಕೂ ನಡುವೆ ಅಂತರ ಇಟ್ಟುಕೊಳ್ಳಲಿಲ್ಲ. ಅವರ ನಿಲುವಿನ ಭಾರವನ್ನು ಅವರೇ ಹೊತ್ತರು.

ನಾನು ಹಾಗಿರಲಿಲ್ಲ. ನಾನು ನಾಸ್ತಿಕ ಅಂತ ಹೇಳಿಕೊಂಡ ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಹಬ್ಬ ನಿಲ್ಲಲಿಲ್ಲ. ಗೌರಿ ಬಾಗಿನ, ವರಮಹಾಲಕ್ಷ್ಮಿ, ಹಿರಿಯರ ತಿಥಿಯ ಅಡುಗೆ ಎಲ್ಲವನ್ನೂ ಹೊತ್ತವಳು ನನ್ನ ಹೆಂಡತಿ. ಒಂದು ಸಲ ತಿಥಿಯ ದಿನ ಬೆಳಗಿನ ನಾಲ್ಕು ಗಂಟೆಗೆ ವಡೆಗೆ ಉದ್ದಿನಬೇಳೆ ರುಬ್ಬುತ್ತಾ ಅವಳು ಕೇಳಿದಳು, "ನಿಮಗೆ ನಂಬಿಕೆ ಇಲ್ಲ ಅಂತ ಊರಿಗೆಲ್ಲ ಗೊತ್ತು. ನನಗೆ ಇದೆಯಾ ಇಲ್ವಾ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ?" ಮದುವೆಯಾಗಿ ಹತ್ತೊಂಬತ್ತು ವರ್ಷ ಆಗಿತ್ತು. ನಾನು ಕೇಳಿರಲಿಲ್ಲ. ಗಂಡಸು ನಂಬದಿದ್ದರೆ ವಿಚಾರವಾದಿ ಅನ್ನುತ್ತಾರೆ. ಅದೇ ಮನೆಯ ಸೊಸೆ ಸಂಜೆ ದೀಪ ಹಚ್ಚದಿದ್ದರೆ ಅವಳನ್ನು ಏನಂತಾರೆ, ನಿಮಗೆ ಗೊತ್ತು. ಅವತ್ತಿನಿಂದ ರುಬ್ಬುವುದು ನನ್ನ ಕೆಲಸವಾಯಿತು. ತುಂಬಾ ತಡವಾಗಿ ಆಯಿತು.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ನಂಬಿಕೆ ಬರುವುದು ಹೋಗುವುದು ನಮ್ಮ ಕೈಯಲ್ಲಿಲ್ಲ. ನಮ್ಮದಲ್ಲದ ನಂಬಿಕೆಯ ಜೊತೆ ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿದೆ.

1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮ ಒಪ್ಪುವುದಿಲ್ಲ ಅಂತ ಹಾಡುತ್ತಿರಲಿಲ್ಲ. ಮುಂದಿನ ವರ್ಷ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ತೀರ್ಪು ಆ ಮಕ್ಕಳ ಪರವಾಗಿ ಬಂತು. ಆ ನಂಬಿಕೆ ನಮ್ಮ ಬುದ್ಧಿಗೆ ಹಿಡಿಸುತ್ತದೆಯೇ ಅನ್ನುವುದು ಪ್ರಶ್ನೆಯಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡಿದ್ದಾರೆಯೇ ಅನ್ನುವುದು ಪ್ರಶ್ನೆ ಅನ್ನುವುದು ಅದರ ತಿರುಳು. ನಂಬದವರಿಗೂ ಇದೇ ಅಳತೆ ಸಲ್ಲಬೇಕು.

ಗಾಂಧೀಜಿ ಇದನ್ನು ಬದುಕಿನಲ್ಲೇ ಮಾಡಿದರು. ಆಂಧ್ರದ ಗೋರಾ ಸಸ್ಯಶಾಸ್ತ್ರದ ಮೇಷ್ಟ್ರು, ನಾಸ್ತಿಕರು. ಆ ಕಾರಣಕ್ಕೇ ಕಾಲೇಜಿನ ಕೆಲಸ ಕಳೆದುಕೊಂಡವರು. 1944ರಲ್ಲಿ ಸೇವಾಗ್ರಾಮದ ಆಶ್ರಮಕ್ಕೆ ಹೋಗಿ ಗಾಂಧಿಯನ್ನು ಕಂಡರು. ದಿನವೂ ಪ್ರಾರ್ಥನೆ ಮಾಡುವ ಮುದುಕ, ದೇವರಿಲ್ಲ ಅನ್ನುವ ಮೇಷ್ಟ್ರು, ಇಬ್ಬರೂ ಬಿಡದೆ ಮಾತಾಡಿದರು. ಗೋರಾ ತಮ್ಮ ದೊಡ್ಡ ಮಗಳ ಮದುವೆಯನ್ನು ಒಬ್ಬ ದಲಿತ ಯುವಕನ ಜೊತೆ ನಿಶ್ಚಯ ಮಾಡಿದಾಗ, ಆಶ್ರಮದಲ್ಲೇ ಮಾಡೋಣ ಅಂದವರು ಗಾಂಧಿ. ನಾಸ್ತಿಕರ ಮನೆಯ ಮದುವೆ, ಹಾಗಾಗಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳೋಣ ಅಂತ ಒಪ್ಪಿದರು. 1948ರ ಮಾರ್ಚಿನಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ಆಯಿತು. ಅಷ್ಟು ಹೊತ್ತಿಗೆ ಗಾಂಧಿ ಇರಲಿಲ್ಲ. ಆ ಒಂದು ಪದಕ್ಕೆ ಅವರು ಮಾಡಿಕೊಟ್ಟ ಜಾಗ ಇತ್ತು.

ನನ್ನ ಮಟ್ಟಿಗೆ ಅಂಥ ಜಾಗ ಮಾಡಿಕೊಟ್ಟವಳು ಅಮ್ಮ. ಅಪ್ಪ ಹೋದಮೇಲೆ ಅವಳು ಪ್ರತಿ ಶುಕ್ರವಾರ ಹಿತ್ತಲಿನ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುತ್ತಿದ್ದಳು. ಮಂಡಿ ನೋವು, ಅಂಗಡಿಗೆ ಹೋಗಲು ಆಗುತ್ತಿರಲಿಲ್ಲ. ಎಣ್ಣೆ ತಂದುಕೊಡು ಅಂದಾಗ ಒಮ್ಮೆ ನಾನು, "ನನಗೆ ಇದರಲ್ಲಿ ನಂಬಿಕೆ ಇಲ್ಲಮ್ಮ" ಅಂದೆ. "ನಿನ್ನನ್ನು ನಂಬು ಅಂತ ಯಾರು ಕೇಳಿದರು? ಎಣ್ಣೆ ಮುಗಿದಿದೆ" ಅಂದಳು. ತಂದುಕೊಟ್ಟೆ. ಆಮೇಲೆ ಅವಳು ಇದ್ದಷ್ಟು ದಿನ ಎಣ್ಣೆ ಮುಗಿಯುವ ಮೊದಲೇ ತಂದಿಡುತ್ತಿದ್ದೆ.

ಅಪ್ಪನ ವರ್ಷಾಬ್ದಿಕ ಬಂದಾಗ ಕಾರ್ಯಕ್ಕೆ ನನ್ನ ತಮ್ಮ ಕೂತ. ಹಿರಿ ಮಗ ನಾನು, ಪಕ್ಕದಲ್ಲಿ ನೀರು ತಂದುಕೊಡುತ್ತಾ ಓಡಾಡುತ್ತಿದ್ದೆ. ಊಟಕ್ಕೆ ಕೂತಾಗ ದೊಡ್ಡಪ್ಪ ಸಿಟ್ಟಿನಿಂದ, "ಹಿರಿಯನಿದ್ದೂ ಹೀಗಾ? ಇವನಿಗೆ ಏನಾಗಿದೆ?" ಅಂತ ಗಟ್ಟಿಯಾಗಿ ಕೇಳಿದರು. ಪಂಕ್ತಿ ಪೂರ್ತಿ ಸುಮ್ಮನಾಯಿತು. ಅಮ್ಮ ಅವರ ಎಲೆಗೆ ಇನ್ನೊಂದು ವಡೆ ಹಾಕಿದಳು. ಅವನಿಗೆ ಈಜೋಕೆ ಬರಲ್ಲ, ಹಾಡೋಕೆ ಬರಲ್ಲ ಅಂತ ಹೇಳುತ್ತೇವಲ್ಲ, ಅದೇ ಧ್ವನಿಯಲ್ಲಿ ಹೇಳಿದಳು:

"ಅವನಿಗೆ ನಂಬೋಕೆ ಬರಲ್ಲ ಭಾವ. ನೀವು ಊಟ ಮಾಡಿ."